ಬೀಗ ಹಾಕಿದ ಪತ್ರ ಬಂತು, ಕೀಲಿಕೈ ವರ್ಗವಾಗಿ ಹೋಗಿತ್ತು
ರಾಯಚೂರು, ದೇವದುರ್ಗ, ಮಾನ್ವಿಯ ಸೇವಾಕೇಂದ್ರಗಳ ಇ-ಮೇಲ್ ಕಲಿಸುವ ಪಾಠ

ಕಳೆದ ಬೇಸಿಗೆಯಲ್ಲಿ ರಾಯಚೂರು ಕಡೆಗೆ ಹೋಗಿದ್ದ ನಾವು, ದೇವದುರ್ಗ ತಾಲೂಕಿನಲ್ಲಿ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯ ನಡೆಸುವ ಧರ್ಮಭಗಿನಿಯರ ಕಚೇರಿಯಲ್ಲಿ ಅರ್ಧ ದಿನ ಕುಳಿತಿದ್ದೆವು. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಫ್ಯಾನಿನ ಕೆಳಗೆ ಒಂದು ಕಂಪ್ಯೂಟರ್. ಅದರ ಮುಂದೆ ಕುಳಿತ ಹುಡುಗ ಒಂದು ಪತ್ರವನ್ನು ನಾಲ್ಕನೇ ಬಾರಿ ತೆರೆಯಲು ನೋಡಿ ಕೈಚೆಲ್ಲಿದ: "ಓಪನ್ ಆಗವಲ್ದ್ರಿ ಸಿಸ್ಟರ್."

ಪತ್ರ ಬಂದದ್ದು ಆ ನಿಲಯದ ಮಕ್ಕಳಿಗೆ ನೆರವು ನೀಡುವ ಹೊರರಾಜ್ಯದ ಸಂಸ್ಥೆಯೊಂದರಿಂದ. ಅವರು ಮಕ್ಕಳ ವಿಷಯದ ಪತ್ರಗಳನ್ನು ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಗೂಢಲಿಪಿಯಲ್ಲಿ ಬೀಗ ಹಾಕಿಯೇ ಕಳುಹಿಸುತ್ತಾರೆ. ಪರದೆಯ ಮೇಲೆ ವಿಷಯದ ಸಾಲು ಚೆನ್ನಾಗಿ ಕಾಣುತ್ತಿತ್ತು. ತುರ್ತು ಎಂದೂ ಬರೆದಿತ್ತು. ಆದರೆ ಒಳಗೆ ಒಂದಕ್ಷರ ಓದುವಂತಿರಲಿಲ್ಲ. ಈ ಪತ್ರ ಬಿಡಿಸಲು ಬೇಕಾದ ಗುಪ್ತ ಕೀಲಿ ನಿಮ್ಮಲ್ಲಿಲ್ಲ ಎಂಬ ಅರ್ಥದ ಸೂಚನೆಯೊಂದು ಮಾತ್ರ. ಅಂಥ ಪತ್ರಗಳು ಒಟ್ಟು ಹನ್ನೊಂದು ಇದ್ದವು.

ವಿಚಾರಿಸಿದಾಗ ಸಂಗತಿ ಸರಳವಾಗಿತ್ತು. ಹಿಂದಿನ ಮೇಲ್ವಿಚಾರಕಿ ಸಿಸ್ಟರ್ ಈ ವ್ಯವಸ್ಥೆಯನ್ನು ಕಲಿತು, ತಮ್ಮ ಹೆಸರಿನಲ್ಲಿ ಕೀಲಿ ಮಾಡಿಕೊಂಡಿದ್ದರು. ಜೂನ್‌ನಲ್ಲಿ ಅವರಿಗೆ ಬೇರೆ ರಾಜ್ಯಕ್ಕೆ ವರ್ಗವಾಯಿತು. ಹಳೆಯ ಕಂಪ್ಯೂಟರನ್ನು ರಾಯಚೂರಿನ ಅಂಗಡಿಯೊಂದಕ್ಕೆ ಕೊಟ್ಟು ಹೊಸದನ್ನು ತರಲಾಯಿತು. ಕಪಾಟಿನ ಕೀಲಿಕೈ, ಉಗ್ರಾಣದ ಕೀಲಿಕೈ, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಸಹಿಯೊಂದಿಗೆ ಹಸ್ತಾಂತರವಾದವು. ಇ-ಮೇಲ್ ಕೀಲಿಯ ನೆನಪು ಯಾರಿಗೂ ಬರಲಿಲ್ಲ. "ಕಾಗದ ಬಂದದ್ದು ಕಾಣ್ತದೆ, ಓದ್ಲಿಕ್ಕೆ ಮಾತ್ರ ಆಗುದಿಲ್ಲ," ಎಂದರು ನಮ್ಮ ಕರಾವಳಿಯವರೇ ಆದ ಈಗಿನ ಸಿಸ್ಟರ್.

ಮುಂದೆ ಆದದ್ದು ಇನ್ನೂ ಗಂಭೀರ. ಸಿಸ್ಟರ್ ಫೋನ್ ಮಾಡಿ ತಿಳಿಸಿದ ಮೇಲೆ, ಆ ಸಂಸ್ಥೆಯ ಸಿಬ್ಬಂದಿ ಅವಸರದಲ್ಲಿ ಅದೇ ಪತ್ರವನ್ನು ಬೀಗವಿಲ್ಲದೆ ಮತ್ತೆ ಕಳುಹಿಸಿದರು. ಅದರಲ್ಲಿ ಒಬ್ಬ ಬಾಲಕಿಯ ಹೆಸರು, ಊರು, ತಂದೆಯ ಹೆಸರು, ಅವಳಿಗೆ ಆದ ಅನ್ಯಾಯ ಎಲ್ಲವೂ ಇದ್ದವು. ಓದಿ ತಿಳಿಸಲೆಂದು ಅದು ಇನ್ನೂ ನಾಲ್ಕು ವಿಳಾಸಗಳಿಗೆ ಹೋಯಿತು. ಬೀಗ ಕೈಕೊಟ್ಟಿತೆಂದು ಬಾಗಿಲನ್ನೇ ಕಿತ್ತು ಅಂಗಳದಲ್ಲಿ ಇಟ್ಟ ಹಾಗಾಯಿತು.

ಯಾರನ್ನೂ ದೂರುವುದು ನಮ್ಮ ಉದ್ದೇಶವಲ್ಲ. ಆದ್ದರಿಂದ ಊರು, ಸಂಸ್ಥೆ, ಸಭೆಯ ಹೆಸರುಗಳನ್ನು ಇಲ್ಲಿ ಬರೆದಿಲ್ಲ. ಆದರೆ ಈ ಪ್ರಶ್ನೆ ಆ ಒಂದು ಕಚೇರಿಯದ್ದಲ್ಲ.

ರಾಯಚೂರಿನಲ್ಲಿ ಏಕೆ ಇಷ್ಟು ಮುಖ್ಯ?

ರಾಯಚೂರು ಜಿಲ್ಲೆ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಆದರೂ ಅಲ್ಲಿನ ಸೇವೆಗೂ ನಮ್ಮ ಕರಾವಳಿಗೂ ಹತ್ತಿರದ ನಂಟು. ನಮ್ಮ ಮನೆಗಳ ಮಕ್ಕಳು ಧರ್ಮಗುರುಗಳಾಗಿ, ಧರ್ಮಭಗಿನಿಯರಾಗಿ, ಶಿಕ್ಷಕರಾಗಿ ಅಲ್ಲಿ ದುಡಿಯುತ್ತಿದ್ದಾರೆ. ಮಾನ್ವಿಯಲ್ಲಿ ಯೇಸುಸಭೆಯವರ ಲೊಯೊಲ ಶಾಲೆಯಿದೆ. ಇಂಥ ಶಾಲೆ, ನಿಲಯ, ಆಸ್ಪತ್ರೆ, ಸ್ವಸಹಾಯ ಸಂಘಗಳ ಸುದ್ದಿ ನಮ್ಮ ಫಿರ್ಗಜ್‌ಗಳಿಗೆ ಆಗಾಗ ಬರುತ್ತಲೇ ಇರುತ್ತದೆ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ನಾಡು ವಿಚಿತ್ರ ವಿರೋಧಾಭಾಸಗಳದ್ದು. ಹಟ್ಟಿಯಲ್ಲಿ ಚಿನ್ನ ಸಿಗುತ್ತದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್. ಆದರೂ 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಕೊಟ್ಟ ವರದಿಯ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ದೇವದುರ್ಗ ಇತ್ತು. 2018ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ.

ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಕುಟುಂಬಗಳು ಬೆಂಗಳೂರಿಗೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಮಕ್ಕಳು ಅಜ್ಜ ಅಜ್ಜಿಯ ಬಳಿಯೋ ನಿಲಯದಲ್ಲಿಯೋ ಉಳಿಯುತ್ತಾರೆ. ಬಾಲ್ಯವಿವಾಹದ ಭಯ ಇದೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1982ರಲ್ಲೇ ರೂಪಿಸಿದ್ದರೂ, ಆ ತಾಯಂದಿರ ಮಕ್ಕಳು ಹೊತ್ತುಕೊಂಡ ಹೆಸರು ಇನ್ನೂ ಅಳಿಸಿಲ್ಲ. ಸೇವಾಕೇಂದ್ರಗಳ ಇ-ಮೇಲ್‌ನಲ್ಲಿ ಓಡಾಡುವುದು ಇಂಥ ಸಂಗತಿಗಳೇ: ಯಾವ ಮಗು ಯಾರ ಮನೆಯಿಂದ ಬಂತು, ಯಾವ ತಾಯಿಗೆ ಯಾವ ಕಾಯಿಲೆ, ಯಾರ ಮೇಲೆ ದೂರು. ಊರಿನಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಒಂದು ಹೆಸರು ಹೊರಬಿದ್ದರೆ ಆ ಹುಡುಗಿಯ ಶಾಲೆ ಅಲ್ಲಿಗೇ ನಿಲ್ಲಬಹುದು.

ಕಾಣಿಕೆ ಡಬ್ಬಿಯ ಹಾಗೆ

ಸಾಮಾನ್ಯ ಇ-ಮೇಲ್ ಹೆಚ್ಚುಕಡಿಮೆ ಪೋಸ್ಟ್‌ಕಾರ್ಡ್ ಇದ್ದಂತೆ. ಈಗ ದಾರಿಯ ಮಟ್ಟಿಗೆ ಅದನ್ನು ಮುಚ್ಚಿದ ಚೀಲದಲ್ಲಿ ಸಾಗಿಸುತ್ತಾರಾದರೂ, ಎರಡೂ ತುದಿಯ ಅಂಚೆಮನೆಗಳಲ್ಲಿ, ಅಂದರೆ ಸರ್ವರ್‌ಗಳಲ್ಲಿ, ಅದು ತೆರೆದೇ ಇರುತ್ತದೆ. ಪತ್ರಕ್ಕೇ ಬೀಗ ಹಾಕುವ ಪಿಜಿಪಿ ಎಂಬ ವಿಧಾನವನ್ನು ಅಮೆರಿಕದ ಫಿಲ್ ಝಿಮ್ಮರ್‌ಮನ್ 1991ರಲ್ಲಿ ಹೊರತಂದರು. ಕಂಪೆನಿಗಳಲ್ಲಿ ಬಳಕೆಯಲ್ಲಿರುವ ಎಸ್/ಮೈಮ್ ಎಂಬ ಇನ್ನೊಂದು ವಿಧಾನವೂ ಇದೆ.

ಇದನ್ನು ಅರ್ಥ ಮಾಡಿಕೊಳ್ಳಲು ಚರ್ಚಿನ ಕಾಣಿಕೆ ಡಬ್ಬಿಯನ್ನು ನೆನೆದರೆ ಸಾಕು. ಅದರ ಬಾಯಿಯಿಂದ ಯಾರು ಬೇಕಾದರೂ ಕಾಣಿಕೆ ಹಾಕಬಹುದು. ತೆರೆಯಲು ಮಾತ್ರ ಕೀಲಿಕೈ ಬೇಕು. ಹಾಗೆಯೇ ಪ್ರತಿಯೊಬ್ಬರಿಗೂ ಎರಡು ಕೀಲಿ. ಒಂದು ಸಾರ್ವಜನಿಕ, ಅದು ಡಬ್ಬಿಯ ಬಾಯಿ, ಎಲ್ಲರಿಗೂ ಕೊಡಬಹುದು. ಇನ್ನೊಂದು ಗುಪ್ತ, ಅದು ಡಬ್ಬಿಯ ಕೀಲಿಕೈ, ಯಾರಿಗೂ ಕೊಡಬಾರದು. ಡಬ್ಬಿಯ ಕೀಲಿಕೈ ಕಳೆದರೆ ಬಡಗಿಯನ್ನು ಕರೆಸಿ ಒಡೆಸಬಹುದು. ಈ ಬೀಗವನ್ನು ಒಡೆಯುವ ಬಡಗಿ ಇಲ್ಲ. ಅದೇ ಅದರ ಬಲ, ಅದೇ ಅದರ ಅಪಾಯ.

ಎಲ್ಲಿ ಎಡವುತ್ತೇವೆ?

ಕಚೇರಿಗಳಲ್ಲಿ ತೊಂದರೆ ಬರುವುದು ಗಣಿತದಿಂದಲ್ಲ, ದಿನನಿತ್ಯದ ಬಳಕೆಯಿಂದ.

ಮೊದಲನೆಯದು, ವಿಷಯದ ಸಾಲು. ಹಳೆಯ ರೀತಿಯಲ್ಲಿ ಬೀಗ ಬೀಳುವುದು ಪತ್ರದ ಒಡಲಿಗೆ ಮಾತ್ರ. ಯಾರಿಂದ, ಯಾರಿಗೆ, ಯಾವ ದಿನ ಎಂಬುದು ತೆರೆದೇ ಇರುತ್ತದೆ. ವಿಷಯದ ಸಾಲನ್ನೂ ಮುಚ್ಚುವ ಸೌಲಭ್ಯ ಈಗ ಥಂಡರ್‌ಬರ್ಡ್‌ನಂಥ ಪ್ರೋಗ್ರಾಮ್‌ಗಳಲ್ಲಿ ಇದ್ದರೂ, ಎಲ್ಲ ಪ್ರೋಗ್ರಾಮ್‌ಗಳಲ್ಲಿ ಇಲ್ಲ. ಮಗುವಿನ ಹೆಸರನ್ನು ವಿಷಯದ ಸಾಲಿನಲ್ಲಿ ಬರೆದು ಒಳಗಿನ ಪತ್ರಕ್ಕೆ ಬೀಗ ಹಾಕುವುದು ಲಕೋಟೆಯ ಮೇಲೆಯೇ ಗುಟ್ಟು ಬರೆದಂತೆ.

ಎರಡನೆಯದು, ಉತ್ತರ. ಬೀಗ ಹಾಕಿ ಬಂದ ಪತ್ರಕ್ಕೆ ಬೀಗವಿಲ್ಲದೆ ಉತ್ತರಿಸಿದರೆ, ಕೆಳಗೆ ಉಳಿದುಕೊಂಡ ಮೂಲಪತ್ರವೂ ಬಯಲಾಗಿ ಹೋಗುತ್ತದೆ.

ಮೂರನೆಯದು, ಹಲವರಿಗೆ ಒಂದೇ ಪತ್ರ. ಐವರಲ್ಲಿ ಒಬ್ಬರ ಸಾರ್ವಜನಿಕ ಕೀಲಿ ಇಲ್ಲದಿದ್ದರೂ ಪ್ರೋಗ್ರಾಮ್ ಪತ್ರವನ್ನು ಕಳುಹಿಸಲು ಒಪ್ಪುವುದಿಲ್ಲ. ಸಂಜೆಯೊಳಗೆ ಕಳುಹಿಸಲೇಬೇಕಾದ ಗುಮಾಸ್ತ ಮಾಡುವ ಮೊದಲ ಕೆಲಸವೆಂದರೆ ಎನ್‌ಕ್ರಿಪ್ಶನ್ ಆಯ್ಕೆಯನ್ನು ತೆಗೆದುಹಾಕುವುದು.

ನಾಲ್ಕನೆಯದು, ಅವಧಿ. ಥಂಡರ್‌ಬರ್ಡ್‌ನಲ್ಲಿ ಮಾಡುವ ಕೀಲಿಗೆ, ನಾವು ಬೇರೆ ಹೇಳದಿದ್ದರೆ, ಮೂರು ವರ್ಷದ ಅವಧಿ ಇರುತ್ತದೆ. ಅವಧಿ ಮುಗಿದ ಕೀಲಿಯಿಂದ ಹಳೆಯ ಪತ್ರಗಳನ್ನು ಓದಲು ಅಡ್ಡಿಯಿಲ್ಲ. ಅವಧಿಯನ್ನು ವಿಸ್ತರಿಸಲೂ ಬರುತ್ತದೆ. ಇದು ತಿಳಿಯದವರು "ಕೀಲಿ ಹಾಳಾಯಿತು" ಎಂದು ಅದನ್ನು ಅಳಿಸಿ ಹೊಸದನ್ನು ಮಾಡುತ್ತಾರೆ. ಅಂದಿಗೆ ಮೂರು ವರ್ಷದ ಪತ್ರಗಳಿಗೆಲ್ಲ ಮಣ್ಣು ಬಿದ್ದಂತೆ.

ಐದನೆಯದು ಮತ್ತು ದೊಡ್ಡದು, ವರ್ಗಾವಣೆ. ಕೀಲಿ ವ್ಯಕ್ತಿಯದ್ದು, ಹುದ್ದೆಯದ್ದಲ್ಲ ಎಂಬ ಲೆಕ್ಕದಲ್ಲಿ ಈ ವ್ಯವಸ್ಥೆ ಬೆಳೆದಿದೆ. ನಮ್ಮ ಧರ್ಮಸಭೆಯಲ್ಲಿ ವ್ಯಕ್ತಿ ಬದಲಾಗುತ್ತಲೇ ಇರುತ್ತಾರೆ, ಹುದ್ದೆ ಉಳಿಯುತ್ತದೆ. ದೇವದುರ್ಗದಲ್ಲಿ ಮುರಿದದ್ದು ಈ ಎರಡರ ನಡುವಿನ ಸೇತುವೆ.

ಪ್ರೋಗ್ರಾಮ್‌ಗಳೂ ತಪ್ಪಿವೆ

ಎಲ್ಲ ತಪ್ಪನ್ನೂ ಬಳಸುವವರ ಮೇಲೆ ಹಾಕುವುದು ನ್ಯಾಯವಲ್ಲ. 2018ರ ಮೇ ತಿಂಗಳಲ್ಲಿ ಜರ್ಮನಿ ಮತ್ತು ಬೆಲ್ಜಿಯಂನ ವಿಶ್ವವಿದ್ಯಾಲಯಗಳ ಸಂಶೋಧಕರು 'ಇಫೇಲ್' ಎಂಬ ದೋಷವನ್ನು ಬಯಲು ಮಾಡಿದರು. ಬೀಗ ಹಾಕಿದ ಪತ್ರವನ್ನು ಕದ್ದವನು ಅದಕ್ಕೆ ಸ್ವಲ್ಪ ಬದಲಾವಣೆ ಮಾಡಿ ಮತ್ತೆ ನಮಗೇ ಕಳುಹಿಸಿದರೆ, ನಮ್ಮ ಪ್ರೋಗ್ರಾಮ್ ಅದನ್ನು ಬಿಡಿಸಿ, ಪತ್ರದಲ್ಲಿನ ಚಿತ್ರ ತರುವ ನೆಪದಲ್ಲಿ ಒಳಗಿನ ಮಾತನ್ನು ಕಳ್ಳನಿಗೇ ತಲುಪಿಸಿಬಿಡುತ್ತಿತ್ತು. ಹೊರಗಿನ ಚಿತ್ರಗಳನ್ನು ತಾನಾಗಿ ತೆರೆಯಗೊಡಬೇಡಿ ಎಂಬ ಎಚ್ಚರಿಕೆ ಆಗ ಬಲವಾಗಿ ಕೇಳಿಬಂತು.

2020ರಲ್ಲಿ ಥಂಡರ್‌ಬರ್ಡ್ ತನ್ನ 78ನೇ ಆವೃತ್ತಿಯಲ್ಲಿ ಹಳೆಯ ಎನಿಗ್‌ಮೇಲ್ ಜೋಡಣೆಯನ್ನು ಬಿಟ್ಟು, ಬೀಗದ ವ್ಯವಸ್ಥೆಯನ್ನು ತನ್ನೊಳಗೇ ಸೇರಿಸಿಕೊಂಡಿತು. ಕೀಲಿಗಳನ್ನು ಹೊಸ ಜಾಗಕ್ಕೆ ಸಾಗಿಸಬೇಕಾಯಿತು. ಮರುವರ್ಷ ಇನ್ನೊಂದು ದೋಷ ಪತ್ತೆಯಾಯಿತು: ಕೆಲವು ಆವೃತ್ತಿಗಳಲ್ಲಿ ಹೊರಗಿನಿಂದ ತಂದ ಗುಪ್ತ ಕೀಲಿಗಳು ಯಾವ ರಕ್ಷಣೆಯೂ ಇಲ್ಲದೆ ಕಂಪ್ಯೂಟರಿನಲ್ಲಿ ಉಳಿಯುತ್ತಿದ್ದವು. 78.10.2 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಅಪ್‌ಡೇಟ್ ಮಾಡುವವರೇ ಇಲ್ಲದ ಕಚೇರಿಗೆ ಈ ಸುದ್ದಿ ಮುಟ್ಟುವುದಾದರೂ ಹೇಗೆ?

"ವಾಟ್ಸ್ಆ್ಯಪ್‌ನಲ್ಲಿ ಈ ರಗಳೆಯೇ ಇಲ್ಲವಲ್ಲ?" ಎಂದು ಕೇಳುವವರಿದ್ದಾರೆ. ನಿಜ, 2016ರ ಏಪ್ರಿಲ್‌ನಿಂದ ಅಲ್ಲಿ ಎಲ್ಲ ಸಂದೇಶಗಳಿಗೂ ತುದಿಯಿಂದ ತುದಿಗೆ ಬೀಗವಿದೆ. ಎರಡೂ ತುದಿ ಒಂದೇ ಕಂಪೆನಿಯ ಕೈಯಲ್ಲಿರುವುದರಿಂದ ಕೀಲಿಯ ಕೆಲಸ ನಮಗೆ ಕಾಣುವುದಿಲ್ಲ. ಆದರೆ ಮಗುವಿನ ಕಡತ ಯಾರದೋ ಸ್ವಂತ ಫೋನಿನಲ್ಲಿ, ಮದುವೆಯ ಫೋಟೊಗಳ ನಡುವೆ ಇರುವುದು ಕಚೇರಿಯ ದಾಖಲೆ ಎನಿಸದು. ಫೋನ್ ಬದಲಾದರೆ ಅದೂ ಹೋಯಿತು. ಗುಂಪಿಗೆ ಒಂದು ಫಾರ್ವರ್ಡ್ ಆದರೆ ಬೀಗದ ಮಾತೇ ಇಲ್ಲ.

ಕಾನೂನು ಏನು ಹೇಳುತ್ತದೆ?

"ಮುಚ್ಚಿಡಲು ನಿಮ್ಮಲ್ಲಿ ಏನಿದೆ?" ಎಂಬ ಪ್ರಶ್ನೆಯೂ ಇದೆ. 2020ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯ ಮೂಲಕವೇ ಬರಬೇಕಾಗಿದೆ. ಇಂಥ ಕಾಲದಲ್ಲಿ ಗೂಢಲಿಪಿ ಎಂದರೆ ಸಂಶಯ ಬರುತ್ತದೋ ಎಂಬ ಅಳುಕು ನಮ್ಮವರಿಗೆ ಸಹಜ.

ಉತ್ತರ ಸ್ಪಷ್ಟವಿದೆ. ಪತ್ರಕ್ಕೆ ಬೀಗ ಹಾಕುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. ಕಳುಹಿಸಿದ ಸಂದೇಶದ ತೆರೆದ ಪ್ರತಿಯನ್ನು 90 ದಿನ ಇಟ್ಟುಕೊಳ್ಳಬೇಕೆಂದಿದ್ದ ಕರಡು ನೀತಿಯೊಂದನ್ನು ಸರಕಾರ 2015ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿ, ವಿರೋಧ ಬಂದಾಗ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಅಧಿಕೃತ ಆದೇಶ ಬಂದಾಗ ಪತ್ರ ಬಿಡಿಸಲು ಸಹಕರಿಸಬೇಕು. ಸಹಕರಿಸದಿದ್ದರೆ ಏಳು ವರ್ಷದವರೆಗೆ ಸೆರೆವಾಸ ಆಗಬಹುದು. ಕೀಲಿಯನ್ನು ಜೋಪಾನವಾಗಿಡಲು ಇದೂ ಒಂದು ಕಾರಣ.

ಮುಚ್ಚಿಡಬೇಕಾದದ್ದೂ ಇದೆ, ಮತ್ತು ಕಾನೂನೇ ಅದನ್ನು ಬಯಸುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮಗುವಿನ ಗುರುತು ಬಯಲು ಮಾಡುವುದನ್ನು ಶಿಕ್ಷಾರ್ಹಗೊಳಿಸಿದೆ. 2012ರ ಪೋಕ್ಸೋ ಕಾಯ್ದೆಯಲ್ಲಿಯೂ ಗುರುತಿನ ರಕ್ಷಣೆ ಇದೆ. ಅದೇ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಲೈಂಗಿಕ ಅಪರಾಧದ ಮಾಹಿತಿ ತಿಳಿದವರು ಪೋಲಿಸರಿಗೆ ತಿಳಿಸಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ. ಹಂತಹಂತವಾಗಿ ಜಾರಿಯಾಗುವ ಈ ಕಾಯ್ದೆ ಜನರ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು ಅದನ್ನು ಇಟ್ಟುಕೊಂಡವರ ಮೇಲೆ ಹಾಕುತ್ತದೆ.

ಅಂದರೆ ಎರಡು ಕರ್ತವ್ಯಗಳು. ಸಂಬಂಧಪಡದವರಿಗೆ ಮಗುವಿನ ಹೆಸರು ತಿಳಿಯಬಾರದು. ತಿಳಿಯಬೇಕಾದವರಿಗೆ ತಡವಾಗದೆ ತಿಳಿಯಬೇಕು. ಓದಲಾಗದೆ ಬಿದ್ದ ಪತ್ರ ಎರಡನೆಯ ಕರ್ತವ್ಯವನ್ನು ಕೆಡಿಸಿತು. ತೆರೆದು ಕಳುಹಿಸಿದ ಪತ್ರ ಮೊದಲನೆಯದನ್ನು ಕೆಡಿಸಿತು.

ಬೀಗವೊಂದೇ ಸಾಲದು

ಬೀಗ ಕಾಯುವುದು ದಾರಿಯನ್ನು, ಮನೆಯನ್ನಲ್ಲ. 2020ರಲ್ಲಿ ವ್ಯಾಟಿಕನ್ ಮತ್ತು ಹಾಂಗ್‌ಕಾಂಗ್ ಧರ್ಮಪ್ರಾಂತ್ಯದ ಕಂಪ್ಯೂಟರ್ ಜಾಲಗಳ ಮೇಲೆ ಚೀನಾ ಮೂಲದ ತಂಡವೊಂದು ದಾಳಿ ನಡೆಸಿತೆಂದು ರೆಕಾರ್ಡೆಡ್ ಫ್ಯೂಚರ್ ಎಂಬ ಭದ್ರತಾ ಸಂಸ್ಥೆ ವರದಿ ಮಾಡಿತು. ಬಳಸಿದ ಆಮಿಷಗಳಲ್ಲಿ ಒಂದು, ವ್ಯಾಟಿಕನ್‌ನದ್ದೆಂದು ಕಾಣುವ ಸಂತಾಪ ಪತ್ರ. ಅದನ್ನು ತೆರೆದಾಗ ಹಿಂದಿನಿಂದ ಕಳ್ಳ ಒಳಗೆ.

ನಮ್ಮ ದೇಶದಲ್ಲಿ ಯೇಸುಸಭೆಯ ಫಾದರ್ ಸ್ಟ್ಯಾನ್ ಸ್ವಾಮಿಯವರ ಪ್ರಕರಣ ಎಲ್ಲರಿಗೂ ಗೊತ್ತು. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಅವರನ್ನು 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧಿಸಲಾಯಿತು. 2021ರ ಜುಲೈ 5ರಂದು ಅವರು ತೀರಿಕೊಂಡರು. ಅವರ ಕಂಪ್ಯೂಟರಿಗೆ ಹೊರಗಿನವರು ನುಗ್ಗಿ ಕಡತಗಳನ್ನು ಸೇರಿಸಿದ್ದರು ಎಂದು ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ 2022ರ ಡಿಸೆಂಬರ್‌ನಲ್ಲಿ ಬಯಲಾದ ವರದಿಯಲ್ಲಿ ಹೇಳಿತು. ಆ ವರದಿ ಸಿದ್ಧವಾದದ್ದು ಪ್ರತಿವಾದಿ ಪಕ್ಷದ ಕೋರಿಕೆಯ ಮೇಲೆ; ಅದರ ಸತ್ಯಾಸತ್ಯತೆಯನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೂ ಧರ್ಮಸಭೆಯ ಕಾರ್ಯಕರ್ತರು ತಮ್ಮ ಕಂಪ್ಯೂಟರಿನ ಕಡೆ ಹೊಸ ಕಣ್ಣಿನಿಂದ ನೋಡಲು ಅಷ್ಟು ಸಾಕು.

ಧರ್ಮಸಭೆಗೆ ಕೀಲಿ ಹೊಸದಲ್ಲ

ನಾವು ಬಹಳ ಯೋಚಿಸಿದ್ದು ಒಂದು ವಿಷಯವನ್ನು. ಕೀಲಿಕೈ ಯಾರ ಬಳಿ ಇರಬೇಕು ಎಂಬುದು ಧರ್ಮಸಭೆಗೆ ಹಳೆಯ ಪ್ರಶ್ನೆ, ಅದಕ್ಕೆ ಬರೆದಿಟ್ಟ ಉತ್ತರವೂ ಇದೆ. 1983ರ ಧರ್ಮಸಭಾ ಶಾಸನ ಸಂಹಿತೆಯ 487ನೇ ವಿಧಿಯಂತೆ ಧರ್ಮಪ್ರಾಂತ್ಯದ ದಾಖಲೆ ಕೋಣೆಗೆ ಬೀಗ ಇರಬೇಕು, ಕೀಲಿಕೈ ಬಿಷಪರು ಮತ್ತು ಚಾನ್ಸಲರ್ ಇಬ್ಬರಲ್ಲಿ ಮಾತ್ರ. ಗುಪ್ತ ದಾಖಲೆಗಳಿಗೆ 489ನೇ ವಿಧಿ ಬೇರೆ ಕಪಾಟು ಹೇಳುತ್ತದೆ. 490ನೇ ವಿಧಿಯಂತೆ ಅದರ ಕೀಲಿಕೈ ಬಿಷಪರಲ್ಲಿ ಮಾತ್ರ. ಆದರೆ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ಪೀಠ ತೆರವಾದಾಗ ನಿಜವಾದ ಅಗತ್ಯ ಬಿದ್ದರೆ ಆಡಳಿತಾಧಿಕಾರಿ ಸ್ವತಃ ಅದನ್ನು ತೆರೆಯಬಹುದೆಂದು ಅದೇ ವಿಧಿ ಹೇಳುತ್ತದೆ. ದಾಖಲೆಗಳ ಪಟ್ಟಿಯನ್ನು ಎರಡು ಪ್ರತಿ ಮಾಡಿ, ಒಂದನ್ನು ಧರ್ಮಪ್ರಾಂತ್ಯದಲ್ಲಿ ಇಡಬೇಕೆಂದು 491ನೇ ವಿಧಿ.

ಇದರ ತಿರುಳು ಮೂರು ಮಾತು: ಕೀಲಿ ಕೆಲವರಲ್ಲೇ ಇರಲಿ, ಹುದ್ದೆಯೊಂದಿಗೆ ಹೋಗಲಿ, ಹುದ್ದೆ ತೆರವಾದಾಗ ಏನು ಎಂಬುದು ಮೊದಲೇ ಗೊತ್ತಿರಲಿ. ಕಬ್ಬಿಣದ ಕೀಲಿಗೆ ನಾವು ಪಾಲಿಸುವ ಈ ನಿಯಮವನ್ನು ಕಂಪ್ಯೂಟರ್ ಕೀಲಿಗೆ ಮರೆತಿದ್ದೇವೆ. ದೌರ್ಜನ್ಯದ ದೂರುಗಳ ಬಗ್ಗೆ ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿ, 2023ರಲ್ಲಿ ಪರಿಷ್ಕರಿಸಿದ 'ವೋಸ್ ಎಸ್ತಿಸ್ ಲುಕ್ಸ್ ಮುಂದಿ' ಕೂಡ ಮಾಹಿತಿಯ ಸುರಕ್ಷತೆ ಮತ್ತು ಗೌಪ್ಯತೆ ಎರಡನ್ನೂ ಕೇಳುತ್ತದೆ. ಬರೀ ಗೌಪ್ಯತೆ ಸಾಲದು, ಮಾಹಿತಿ ಉಳಿಯಲೂಬೇಕು.

ಏನು ಮಾಡಬಹುದು?

ದೊಡ್ಡ ಖರ್ಚಿನ ಮಾತಲ್ಲ. ಮೊದಲನೆಯದಾಗಿ, ಸೂಕ್ಷ್ಮ ಪತ್ರಗಳಿಗೆ ವ್ಯಕ್ತಿಯ ವಿಳಾಸದ ಬದಲು ಹುದ್ದೆಯ ವಿಳಾಸ ಮತ್ತು ಹುದ್ದೆಯ ಕೀಲಿ ಇರಲಿ. ಎರಡನೆಯದಾಗಿ, ಗುಪ್ತ ಕೀಲಿಯ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ, ಪಾಸ್‌ವರ್ಡನ್ನು ಬೇರೆ ಲಕೋಟೆಯಲ್ಲಿ ಮುದ್ರೆಯೊತ್ತಿ, ಎರಡನ್ನೂ ಬೇರೆ ಬೇರೆ ಕಡೆ ಇಡಲಿ. ಒಂದು ಕಚೇರಿಯ ಕಪಾಟಿನಲ್ಲಿ, ಇನ್ನೊಂದು ಪ್ರಾಂತ್ಯದ ಮುಖ್ಯಸ್ಥರಲ್ಲಿ. ಮೂರನೆಯದಾಗಿ, ವರ್ಗಾವಣೆಯ ಹಸ್ತಾಂತರ ಪಟ್ಟಿಯಲ್ಲಿ ಇ-ಮೇಲ್ ಕೀಲಿಗೂ ಒಂದು ಸಾಲು ಸೇರಲಿ. ಹೊಸಬರು ಒಂದು ಹಳೆಯ ಪತ್ರವನ್ನು ತೆರೆದು ತೋರಿಸಿದ ಮೇಲೆಯೇ ಸಹಿ ಬೀಳಲಿ.

ನಾಲ್ಕನೆಯದಾಗಿ, ಹಳೆಯ ಕಂಪ್ಯೂಟರನ್ನು ಅಂಗಡಿಗೆ ಕೊಡುವ ಮೊದಲು ಕೀಲಿಯನ್ನು ಹೊರತೆಗೆದು ಡಿಸ್ಕನ್ನು ಪೂರ್ತಿ ಅಳಿಸಬೇಕು. ದೇವದುರ್ಗದ ಆ ಕಂಪ್ಯೂಟರಿನಲ್ಲಿ ಏನೇನು ಉಳಿದಿತ್ತೋ ಎಂಬ ಯೋಚನೆ ಈಗಲೂ ನಮ್ಮನ್ನು ಕಾಡುತ್ತಿದೆ. ಐದನೆಯದಾಗಿ, ಪತ್ರ ತೆರೆಯದಿದ್ದಾಗ "ಬೀಗವಿಲ್ಲದೆ ಕಳುಹಿಸಿ" ಎನ್ನಬಾರದು. ಫೋನಿನಲ್ಲಿ ಮಾತಾಡಿ, ಹೊಸ ಸಾರ್ವಜನಿಕ ಕೀಲಿ ಕಳುಹಿಸಿ, ಅದು ನಮ್ಮದೇ ಎಂಬುದನ್ನು ಗುರುತಿನ ಅಂಕಿಗಳನ್ನು ಓದಿ ಖಚಿತಪಡಿಸಬೇಕು. ತಡೆಯಲಾಗದ ತುರ್ತಾದರೆ ಹೆಸರಿನ ಬದಲು ನೋಂದಣಿ ಸಂಖ್ಯೆ ಬರೆಯಬಹುದು. ಸಂಖ್ಯೆಯ ಪುಸ್ತಕ ಕಪಾಟಿನಲ್ಲೇ ಇರಲಿ.

ಕಲಿಸುವವರು ದೂರದಲ್ಲಿಲ್ಲ. ರಾಯಚೂರಿಗೆ 2019ರಲ್ಲಿ ಐಐಐಟಿ ಬಂದಿದೆ. ನಮ್ಮ ಕರಾವಳಿಯಲ್ಲಿ ಕಂಪ್ಯೂಟರ್ ಕಲಿತು ಬೆಂಗಳೂರಿನಲ್ಲಿ, ಕೊಲ್ಲಿಯಲ್ಲಿ ದುಡಿಯುವ ಯುವಜನರು ಪ್ರತಿ ಫಿರ್ಗಜ್‌ನಲ್ಲಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಎರಡು ದಿನ ಬಳ್ಳಾರಿ, ರಾಯಚೂರಿನ ಸೇವಾಕೇಂದ್ರಗಳಿಗೆ ಕೊಟ್ಟರೆ, ಅದು ಒಂದು ಲಕೋಟೆ ಕಾಣಿಕೆಗಿಂತ ಹೆಚ್ಚಿನದು. ಮತ್ತು ಇದೇ ಪರೀಕ್ಷೆ ನಮ್ಮ ಸ್ವಂತ ಕಚೇರಿಗಳಿಗೂ ಬೇಕು. ಮಂಗಳೂರು, ಉಡುಪಿಯ ಕಡೆಯೂ ಜೂನ್ ಎಂದರೆ ವರ್ಗಾವಣೆಯ ತಿಂಗಳೇ.

ನಾವು ಹೊರಡುವ ಹೊತ್ತಿಗೆ ಸಿಸ್ಟರ್ ಹಿಂದಿನ ಸಿಸ್ಟರನ್ನು ಫೋನಿನಲ್ಲಿ ಹಿಡಿದಿದ್ದರು. ಅವರ ಬಳಿಯೂ ಕೀಲಿಯ ಪ್ರತಿ ಇರಲಿಲ್ಲ. ಹನ್ನೊಂದು ಪತ್ರಗಳಲ್ಲಿ ಕೆಲವು ಕಳುಹಿಸಿದವರ ಕಡೆ ಉಳಿದಿದ್ದವು. ಉಳಿದವು ಇನ್ನು ಯಾರಿಗೂ ಓದಲು ಸಿಗವು. ಆ ಬಾಲಕಿ ಶಾಲೆಗೆ ಹೋಗುತ್ತಿದ್ದಾಳೆ. ಅವಳ ಹೆಸರು ಎಷ್ಟು ಇ-ಮೇಲ್ ಪೆಟ್ಟಿಗೆಗಳಲ್ಲಿ ತೆರೆದು ಬಿದ್ದಿದೆ ಎಂಬುದು ಅವಳಿಗೆ ಗೊತ್ತಿಲ್ಲ. ನಮಗೆ ಗೊತ್ತಿದೆ; ಆದ್ದರಿಂದ ಹೊಣೆಯೂ ನಮ್ಮದೇ.